ಹಗುರ ಕೋಲಿನ ಪಂಡಿತರು

ಗಿರಾಕಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ, ಹೆಸರನ್ನೂ ಕೇಳದೆ, ಅವನ ಮಣಿಕಟ್ಟನ್ನು ಹಿಡಿದು ಕಣ್ಣು ಅರೆಮುಚ್ಚಿ ನಾಡಿ ನೋಡುವವರಂತೆ ನಿಂತುಬಿಡುವುದು ಅವರ ಪದ್ಧತಿ; ಹಾಗಾಗಿ ಎಲ್ಲರ ಬಾಯಲ್ಲೂ ಅವರು ಪಂಡಿತರೇ ಆಗಿದ್ದರು. ಮಾರುತ್ತಿದ್ದದ್ದು ಮಾತ್ರ ಗಾಳದ ಕೋಲು: ನೂಲು, ಗರಿಗಳಿಂದ ಕಟ್ಟಿದ ಹುಸಿನೊಣವನ್ನು ಟ್ರೌಟ್ ಮೀನಿನ ಮುಂದೆ ಎಸೆಯುವ ನೀಳ ಕೋಲು. ಈ ಕೋಲುಗಳಿಗೆ ನಂಬರುಗಳುಂಟು; ನಂಬರು ಇಳಿದಷ್ಟೂ ಕೋಲು ಹಗುರ. ಎರಡು, ಮೂರು ಕಿರಿದಾದ ತೊರೆಗೆ. ಐದು, ಆರು ಅಗಲವಾದ ನೀರಿಗೆ, ಗಾಳಿಯನ್ನು ಸೀಳಿಹೋಗಬೇಕಾದ ಭಾರದ ದಾರಕ್ಕೆ.

ಮೊಣಕೈ ಸವೆದ ಹಸಿರು ಕೋಟು, ಸಮನೆಲದಲ್ಲೂ ಹೊಳೆಯೊಳಗಿನ ಕಲ್ಲನ್ನು ತಡವುವಂತೆ ಎಡಗಾಲೂರುವ ನಡಿಗೆ, ಮಾತುಮಾತಿಗೂ ಒಂದು “ಗೊತ್ತಾಯ್ತಲ್ಲ?”

ನನಗೆ ಪರಿಚಯವಾದಾಗ ಅವರು ಆರರ ಪರಮಭಕ್ತರು. “ಗಾಳಿ ಬಂದಾಗ ಕೋಲು ನಿಮ್ಮ ಮಾತು ಕೇಳ್ಬೇಕು, ಗೊತ್ತಾಯ್ತಲ್ಲ?” ಎಂದು ನನಗೂ ಆರನ್ನೇ ಕೊಟ್ಟರು. ಎರಡು ವರ್ಷದ ನಂತರ ಐದು ಸಾಕು ಎಂದರು. ಮರುವರ್ಷ ನಾಲ್ಕಕ್ಕಿಳಿದು, ಭಾರದ ಕೋಲು ಹಿಡಿಯುವವನಿಗೆ ಮೀನಿಗಿಂತ ಅಹಂಕಾರವೇ ದೊಡ್ಡದು ಎಂದು ಉಪದೇಶಿಸಿದರು. ನಾವೆಲ್ಲ ನಂಬಿದೆವು. ನಾನು ಆರನ್ನು ಯಾರಿಗೋ ಕೊಟ್ಟು ನಾಲ್ಕು ಕೊಂಡೆ, ಆಮೇಲೆ ಮೂರು. ನಮ್ಮ ಜೊತೆಗಾರ ಹಲ್ಲಿನ ಡಾಕ್ಟರರೊಬ್ಬರೇ ಗೊಣಗಿದರು: “ಇನ್ನೆರಡು ವರ್ಷ ತಡೀರಿ, ಹಲ್ಲುಕಡ್ಡಿ ಕೊಟ್ಟು ಕಳಿಸ್ತಾರೆ.”

ಒಂದು ಬೆಳಿಗ್ಗೆ ಪಂಡಿತರೂ ನಾನೂ ಕೆರೆಗೆ ಹೋದೆವು. ಗಾಳಿ ಜೋರಾಗಿತ್ತು. ನಾನೆಸೆದ ದಾರ ಪ್ರತಿಬಾರಿಯೂ ತಿರುಗಿ ನನ್ನ ಟೋಪಿಯ ಮೇಲೆಯೇ ಬೀಳುತ್ತಿತ್ತು. “ಕೊಡಿ ಇಲ್ಲಿ” ಎಂದು ಪಂಡಿತರು ನನ್ನ ಮೂರನೇ ನಂಬರಿನ ಕೋಲನ್ನು ಇಸಿದುಕೊಂಡರು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಹೆಬ್ಬೆರಳು ಹಿಡಿತ ಬಿಟ್ಟಿತು. ಕೋಲು ಜಾರಿ ನೀರಿಗೆ ಬಿತ್ತು. ಅವರು ಅದನ್ನು ನೋಡುತ್ತ ನಿಂತರು; ನಾನು ಬಿಗಿಯಾಗಿಯೇ ಇದ್ದ ಬೂಟಿನ ಲಾಡಿಯನ್ನು ಮತ್ತೆ ಕಟ್ಟಲು ಬಗ್ಗಿದೆ.

ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹುಸಿನೊಣ ಕಟ್ಟುತ್ತಿದ್ದ ಅವರ ಅಕ್ಕ ಆ ಸಂಜೆ ಹೇಳಿದರು: “ನಾಲ್ಕು ವರ್ಷದಿಂದ ಕೈಯ ಮಾಂಸ ಕರಗ್ತಾ ಇದೆ. ವಾಸಿಯಾಗಲ್ಲ ಅಂತ ಆಸ್ಪತ್ರೇಲಿ ಆಗಲೇ ಹೇಳಿದ್ರು. ಯಾರಿಗೂ ಹೇಳ್ಬೇಡ ಅಂದಿದ್ದ. ನಂಬರು ಇಳಿದಿದ್ದು ನೀರು ನೋಡಿ ಅಲ್ಲ.”

ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. ಮರುದಿನ ಜಗಳಕ್ಕೆಂದೇ ಹೋದೆ. ಕಿಟಕಿಯ ಬಳಿ, ಎರಡೂ ಕೈಗಳನ್ನು ಯಾರೋ ಒಪ್ಪಿಸಿಹೋದ ಸಾಮಾನಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

“ಮೇಲಿರೋ ಆರನ್ನ ಇಳಿಸ್ಕೊಳ್ಳಿ,” ಎಂದರು. “ನಾನು ಹೇಳಿದ್ದೆಲ್ಲ ನನ್ನ ಕೈಗೆ ಹೇಳ್ಕೊಂಡಿದ್ದು. ನೀವ್ಯಾಕೆ ಕೇಳಿಸ್ಕೊಂಡ್ರಿ?”

ನಾನು ಸ್ಟೂಲು ಹತ್ತಿ ಆರನ್ನು ಇಳಿಸಿಕೊಂಡೆ. ಚಳಿಗಾಲ ಮುಗಿಯುವ ಮೊದಲೇ, ರೋಗ ಉಸಿರಿಗೂ ತಟ್ಟಿ, ಅವರು ತೀರಿಕೊಂಡರು. ಅಕ್ಕ ಅಂಗಡಿ ಮುಚ್ಚಿದರು.

ತಮ್ಮ ಕುಂದನ್ನೇ ಸಿದ್ಧಾಂತವೆಂದು ಸಾರುವವರು ಎಲ್ಲ ಕಸುಬಿನಲ್ಲೂ ಇದ್ದಾರೆ. ದೃಷ್ಟಿ ಮಂಜಾದ ಚಿತ್ರಕಾರ ದಪ್ಪ ಗೆರೆಯನ್ನು ಹೊಗಳುತ್ತಾನೆ, ಉಸಿರು ಸಾಲದ ಗಾಯಕಿ ಕಿರಿದಾದ ಆಲಾಪವೇ ಶ್ರೇಷ್ಠವೆನ್ನುತ್ತಾಳೆ. ಅವರನ್ನು ಕಪಟಿಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಕತ್ತಲೆಯ ಮೆಟ್ಟಿಲುಗಳನ್ನು ಒಬ್ಬರೇ ಇಳಿಯಲು ಅಂಜಿ, ಕಾರಣ ಹೇಳದೆ ನಮ್ಮನ್ನೂ ಜೊತೆಗೆ ಕರೆಯುತ್ತಾರೆ. ನಾವು ಒಂದಷ್ಟು ದೂರ ಇಳಿದು, ಮತ್ತೆ ಹತ್ತಿ ಬರುತ್ತೇವೆ.