ಇಪ್ಪತ್ತು ಅಂಕದ ಸೆಮಿನಾರ್

ತರಗತಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತೈದಕ್ಕೆ ಎಂ.ಎ. ಸೇರಿದವಳಿಗೆ ಬೇರೆ ಹೆಸರು ಹೇಗೆ ತಾನೇ ಅಂಟೀತು? ಬೆಳಿಗ್ಗೆ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಹೊರರೋಗಿಗಳಿಗೆ ಚೀಟಿ ಬರೆಯುವುದು, ಮಧ್ಯಾಹ್ನ ಪಾಠ. ವಾರದಲ್ಲಿ ಮೂರು ದಿನ ಪಾಠ ಫೋನಿನಲ್ಲಿ, ಎರಡು ದಿನ ಕಾಲೇಜಿನಲ್ಲಿ. ಎರಡು ದೋಣಿಯ ಮೇಲೆ ಕಾಲಿಡಬಾರದು ಎಂದು ಹಿರಿಯರು ಹೇಳಿದ್ದನ್ನು ವಿಶ್ವವಿದ್ಯಾಲಯದವರು ಕಿವಿಗೆ ಹಾಕಿಕೊಂಡಿರಲಿಲ್ಲ.

ಫೋನಿನ ಪಾಠವೆಂದರೆ ಇಷ್ಟೇ: ಎಲ್ಲರೂ ‘ಹಾಜರ್’ ಎಂದು ಟೈಪಿಸಿ, ಕ್ಯಾಮೆರಾ ಮುಚ್ಚಿ, ತಮ್ಮ ಪಾಡಿಗೆ ತಾವು ಎದ್ದು ಹೋಗುತ್ತಿದ್ದರು. ಅಕ್ಕನೂ ಪಾತ್ರೆ ತೊಳೆಯುತ್ತಾ ಕೇಳಿದವಳೇ, ಯಾರನ್ನು ಬೈಯುವುದು?

ಆದರೆ ಸೆಮಿನಾರ್ ವಿಷಯ ಬೇರೆ. ಇಪ್ಪತ್ತು ಅಂಕ, ಎದ್ದು ನಿಂತು ಒಂದು ವಿಷಯ ಮಂಡಿಸದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅಂಕಕ್ಕಿಂತ ದೊಡ್ಡ ಆಸೆಯೂ ಒಂದಿತ್ತು. ಚೀಟಿಗೆ ಕಾಯುವ ಜನ ಸಾಲಿನಲ್ಲಿ ಏನೇನು ಮಾತಾಡಿಕೊಳ್ಳುತ್ತಾರೆ ಎಂದು ತಿಂಗಳಿಡೀ ಬರೆದಿಟ್ಟಿದ್ದಳು. ಅದನ್ನು ಯಾರಾದರೂ ಕಿವಿಗೊಟ್ಟು ಕೇಳಬೇಕು, ಒಂದು ಪ್ರಶ್ನೆ ಹಾಕಬೇಕು. ಅದಕ್ಕೇ ಹಟ ಹಿಡಿದು ಕಾಲೇಜಿನ ದಿನವನ್ನೇ ಕೇಳಿ ಪಡೆದಿದ್ದಳು.

ಆ ದಿನ ಎರಡು ಬಸ್ಸು ಬದಲಿಸಿ ಬಂದರೆ ತರಗತಿ ಖಾಲಿ. ಚಾರ್ಜ್ ಉಳಿಯಲೆಂದು ದಾರಿಯುದ್ದಕ್ಕೂ ಫೋನ್ ಆಫ್ ಮಾಡಿದ್ದಳು. ಈಗ ನೋಡಿದರೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: ನೀರಿನ ಮೋಟಾರು ಕೆಟ್ಟಿದೆ, ಇಂದಿನ ಪಾಠ ಆನ್‌ಲೈನ್. ಅಳು ಬರುವಷ್ಟು ದಣಿವಾಯಿತು. ಮನೆಗೆ ಮರಳಲು ಹೊತ್ತಿರಲಿಲ್ಲ. ಮೇಜಿನ ಮೇಲಿನ ಡಸ್ಟರಿಗೆ ಫೋನ್ ಒರಗಿಸಿ, ಖಾಲಿ ಬೆಂಚುಗಳ ಮುಂದೆ ನಿಂತು ಶುರು ಮಾಡಿದಳು.

ಪರದೆಯ ತುಂಬ ಇಪ್ಪತ್ತೆರಡು ಕಪ್ಪು ಚೌಕಗಳು. ನಡುವೆ ಒಂದು ತಮಾಷೆ ಹೇಳಿದಳು, ಯಾರೂ ನಗಲಿಲ್ಲ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಉಸಿರು ತೆಗೆದುಕೊಳ್ಳಲು ನಿಂತಾಗ ಕಾರಿಡಾರಿನ ಆಚೆಯಿಂದ ಹೆಂಗಸಿನ ದನಿ ಕೇಳಿತು. ಅವಳದೇ ದನಿ, ಅವಳು ಆಗಷ್ಟೇ ಮುಗಿಸಿದ ಮಾತು.

ಫೋನ್ ಹಿಡಿದುಕೊಂಡೇ ಹೋದಳು. ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಯಾಕೆ ನಿಲ್ಲಿಸಿದಿರಿ ಎನ್ನಲಿಲ್ಲ. ಎದುರಿನ ಸ್ಟಾಫ್ ರೂಮಿನಲ್ಲಿ ಅವಳ ಸೆಮಿನಾರ್ ಕೇಳಬೇಕಿದ್ದ ಮೇಷ್ಟ್ರೊಬ್ಬರೇ, ತೆರೆದ ಲ್ಯಾಪ್‌ಟಾಪಿನ ಪಕ್ಕ ಕನ್ನಡಕ ತೆಗೆದಿಟ್ಟು, ಮೇಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅವಳ ಫೋನು ಲ್ಯಾಪ್‌ಟಾಪಿನ ಹತ್ತಿರ ಬಂದದ್ದೇ ತಡ, ಕಿವಿ ಕೊರೆಯುವ ಕೀರಲು ಸದ್ದು ಎದ್ದು ಮೇಷ್ಟ್ರಿಗೆ ಎಚ್ಚರವಾಯಿತು.

ಅವರಿಗೆ ನಾಚಿಕೆಯಾಯಿತು. ಬೆಳಿಗ್ಗೆಯಿಂದ ಇದು ಐದನೇ ಪಾಠ, ಒಂದು ಮುಖವನ್ನೂ ಕಂಡಿಲ್ಲ ಎಂದು ತೊದಲಿದರು. ತುಂಬಾ ಚೆನ್ನಾಗಿತ್ತು ಎಂದೂ ಹೇಳಿ, ಅಂಕದ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹತ್ತೊಂಬತ್ತು ಬರೆದರು.

ಪರೀಕ್ಷೆಗೆ ದಾರಿಯಾಯಿತು. ತೆಪ್ಪಗೆ ಹೊರಟಿದ್ದರೆ ನಾಲ್ಕರ ಬಸ್ಸೂ ಸಿಗುತ್ತಿತ್ತು. ಆದರೆ ಅವಳಿಗೆ ಸಿಟ್ಟು ಬಂತು. ಅವರ ಕೆಂಪಾದ ಕಣ್ಣು ಕಂಡು ಆ ಸಿಟ್ಟೂ ಸೋತುಹೋಯಿತು.

“ಅಂಕ ಹಾಗಿರ್ಲಿ ಸರ್,” ಎಂದಳು. “ಒಂದೇ ಒಂದು ಪ್ರಶ್ನೆ ಕೇಳಿ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು, ಆ ವರ್ಷದಲ್ಲಿ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದರು.

“ನೀವು ಯಾವುದರ ಬಗ್ಗೆ ಮಾತಾಡಿದ್ರಮ್ಮ?”

ಅಕ್ಕನಿಗೆ ನಗು ಬಂತು, ಕಣ್ಣೂ ತುಂಬಿತು. ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದಳು.