ನೀಲಿಯಲ್ಲೇ ನಿಂತ ಬಳೆ

ಕೊಟ್ಟಿಗೆಗೆ ಅಂಟಿಕೊಂಡ ಆ ಕೋಣೆಯಲ್ಲಿ ಹಿಂದೆ ಹಿಂಡಿ ಮೂಟೆಗಳಿದ್ದವು. ಈಗ ಒಂದು ಕಂಪ್ಯೂಟರು, ಅದಕ್ಕೆ ಇಬ್ಬರು ಹೆಂಗಸರು. ಸೊಸೆ ಡ್ರೋನಿನಲ್ಲಿ ತೆಗೆದ ಹೊಲಗಳ ಫೋಟೋ ಜೋಡಿಸಿ ಸರ್ವೆ ಕಚೇರಿಗೆ ನಕ್ಷೆ ಮಾಡಿಕೊಡುತ್ತಿದ್ದಳು. ನಾದಿನಿ ಅಂಗಡಿಗಳ ಜಾಹೀರಾತು ವಿಡಿಯೋ ಮಾಡಿ, ಅದಕ್ಕೆ ತನ್ನದೇ ದನಿ ಕೊಡುತ್ತಿದ್ದಳು. ಇಬ್ಬರದೂ ಯಂತ್ರದ ಬೆವರಿಳಿಸುವ ಕೆಲಸವೇ. ಸೊಸೆಯ ಗಂಡ ಮೋಟಾರು ರಿಪೇರಿಯವನು, ಅದಕ್ಕೊಂದು ಕೂಲರು ಹಾಕಿದ್ದ. ಕೊಳವೆಯೊಳಗೆ ನೀರಿನಂಥ ದ್ರವ ಸುತ್ತುತ್ತ ಬಿಸಿಯನ್ನು ಹೊರಕ್ಕೆ ಹೊತ್ತು ತರುತ್ತಿತ್ತು. ಪಂಪಿನ ತಲೆಯ ಮೇಲೆ ಬಳೆಯಂಥ ದೀಪ. ದ್ರವ ತಣ್ಣಗಿದ್ದರೆ ನೀಲಿ, ಕಾದರೆ ಕೆಂಪು. ಹಾಗಾಗುವಂತೆ ಕಮಾಂಡು ಬರೆದಿಟ್ಟು, ಹೆಂಡತಿಗೂ ತಂಗಿಗೂ ಅದನ್ನು ಕಲಿಸಿ, ದೂರದ ಊರಿನ ಕೆಲಸಕ್ಕೆ ಹೋಗಿದ್ದ.

ಬಳೆ ನೋಡಿ ಕಟ್ಟಳೆ ಮಾಡಿದವಳು ಅತ್ತೆ. ಅವಳಿಗೆ ಓದು ಬರುತ್ತಿರಲಿಲ್ಲ, ಬಣ್ಣ ಗೊತ್ತಾಗುತ್ತಿತ್ತು.

"ಕೆಂಪಾದ್ರೆ ಕೂತವಳು ಏಳ್ಬೇಕು. ಆರಿದ ಮೇಲೆ ಇನ್ನೊಬ್ಬಳು ಕೂರ್ಬೇಕು. ಅಷ್ಟೇ."

ಹದಿನೈದು ದಿನದಿಂದ ನಾದಿನಿ ಕೂತರೆ ಬಳೆ ಕೆಂಪಾಗುತ್ತಲೇ ಇರಲಿಲ್ಲ. ಅವಳು ಸಾಕಾಗಿ ಎದ್ದ ಮೇಲೆ ಸೊಸೆ ಕೂತರೆ, ನಕ್ಷೆ ಅರ್ಧವಾಗುವಷ್ಟರಲ್ಲಿ ಯಂತ್ರ ಬಿಸಿ ತಡೆಯದೆ ತಾನಾಗಿ ನಿಂತು ಪರದೆ ಕತ್ತಲಾಗುತ್ತಿತ್ತು. ಕೊಟ್ಟಿಗೆಯ ಹೊಟ್ಟಿನ ದೂಳು ಸೇರಿರಬೇಕೆಂದು ಮೂರು ಸಲ ಬ್ರಷ್ಷು ಹಿಡಿದು ಕೂಲರಿನ ಜಾಲರಿ ತಿಕ್ಕಿದ್ದಳು. ಎರಡು ನಕ್ಷೆ ತಡವಾದವು. ಮೂರನೆಯದೂ ತಡವಾದರೆ ಹೆಸರು ತೆಗೆಯುತ್ತೇವೆಂದು ಕಚೇರಿಯವರು ಮುಖ ಮುರಿದಂತೆ ಹೇಳಿದ್ದರು. ಆ ಮೂರನೆಯದನ್ನು ಇವತ್ತು ಐದು ಗಂಟೆಯೊಳಗೆ ಕಳಿಸಬೇಕಿತ್ತು. ಎರಡು ಗಂಟೆಯ ಕೆಲಸ. ಆಗಲೇ ಒಂದೂವರೆಯಾಗಿತ್ತು, ನಾದಿನಿ ಕುರ್ಚಿ ಬಿಟ್ಟಿರಲಿಲ್ಲ.

"ಇನ್ನೂ ಎಷ್ಟೊತ್ತೇ?"

"ನೀಲಿ ಇದೆಯಲ್ಲ ಅತ್ತಿಗೆ. ಕಣ್ಣು ಮಂಜಾದ್ರೆ ಹೇಳಿ, ಕನ್ನಡಕ ಮಾಡಿಸೋಣ."

"ನೀನು ಕೂತ್ರೆ ಗುಂಡುಕಲ್ಲಿನ ಹಾಗಿರತ್ತೆ. ನಾನು ಕೂತ್ರೆ ಸತ್ತು ಬೀಳತ್ತೆ."

"ಕೈಗುಣ. ನೀವು ಮುಟ್ಟಿದ್ರೆ ಹಾಲೂ ಒಡೆಯತ್ತೆ."

ನಾದಿನಿ ವಿಡಿಯೋ ಸಿದ್ಧವಾಗಲು ಬಿಟ್ಟು ಊಟಕ್ಕೆ ಎದ್ದಳು. ಸೊಸೆ ಕುರ್ಚಿಗೆ ಜಾರಿ, ಕಪ್ಪು ಪರದೆ ತೆರೆದು, ಕೂಲರಿನ ಸ್ಥಿತಿ ಕೇಳುವ ಕಮಾಂಡು ಒತ್ತಿದಳು. ದ್ರವ ಐವತ್ತಾರು ಡಿಗ್ರಿ ಕಾದಿತ್ತು. ಬಳೆ ಮಾತ್ರ ಏನೂ ಅರಿಯದ ಹಸುಗೂಸಿನಂತೆ ನೀಲಿಯಾಗಿ ಉರಿಯುತ್ತಿತ್ತು.

ಯಂತ್ರ ಶುರುವಾದಾಗಲೆಲ್ಲ ತಾನಾಗಿ ಓಡುವ ಕಡತ ತೆರೆದಳು. ಗಂಡ ಬರೆದ ಸಾಲುಗಳ ಕೆಳಗೆ ಹೊಸ ಸಾಲು ಎರಡಿದ್ದವು. ಫ್ಯಾನು ಯಾವಾಗಲೂ ಕಡಿಮೆ ಓಟದಲ್ಲಿರಲಿ ಎಂದು ಒಂದು. ಅದರ ಸದ್ದು ನಾದಿನಿಯ ದನಿಯ ರೆಕಾರ್ಡಿಂಗಿಗೆ ಅಡ್ಡ ಬರುತ್ತಿತ್ತಲ್ಲ. ಬಳೆ ಯಾವಾಗಲೂ ನೀಲಿಯಾಗಿರಲಿ ಎಂದು ಇನ್ನೊಂದು. ಬರೆದು ಹದಿನೈದು ದಿನವಾಗಿತ್ತು. ಬ್ರಷ್ಷು ತಿಕ್ಕಿ ಬೊಬ್ಬೆ ಎದ್ದ ಬೆರಳನ್ನು ಸೊಸೆ ಒಮ್ಮೆ ನೋಡಿಕೊಂಡಳು.

"ಅತ್ತೆ, ಸ್ವಲ್ಪ ಇಲ್ಲಿ ಬನ್ನಿ."

ಅತ್ತೆಯ ಹಿಂದೆಯೇ ಎಂಜಲು ಕೈಯಲ್ಲಿ ನಾದಿನಿಯೂ ಬಂದಳು.

"ಈ ಕೊಳವೆ ಮುಟ್ಟಿ ನೋಡಿ."

ಕರುವಿನ ಕಿವಿ ಮುಟ್ಟಿ ಜ್ವರ ಹೇಳುವ ಕೈ ಅದು. ಇಟ್ಟ ಕೂಡಲೇ ಅತ್ತೆ ಹಿಂದಕ್ಕೆಳೆದಳು. "ಅಯ್ಯಯ್ಯೋ, ಸುಡ್ತಿದೆಯಲ್ಲೇ! ಬಳೆ ನೀಲಿ ಇದೆ?"

"ನಿಮ್ಮ ಮಗಳು ನೀಲಿಯಲ್ಲೇ ಕಟ್ಟಿಹಾಕಿದ್ದಾಳೆ."

"ದೀಪ ಕೆಟ್ಟಿರ್ಬೇಕು," ಎಂದಳು ನಾದಿನಿ.

ಸೊಸೆ ಆ ಎರಡು ಸಾಲು ಅಳಿಸಿ, ಫ್ಯಾನು ಪೂರ್ತಿ ಓಡಲು ಬಿಟ್ಟು, ಗಂಡನ ಕಮಾಂಡನ್ನು ಮತ್ತೆ ಓಡಿಸಿದಳು. ಫ್ಯಾನು ಗುಂಯ್ಯೆಂದಿತು. ಬಳೆ ಕೆಂಡದಂತೆ ಕೆಂಪಾಯಿತು. ಗೆದ್ದೆ ಅಂದುಕೊಂಡಳು ಸೊಸೆ.

"ನೋಡ್ದ್ಯಾ ಅಮ್ಮಾ?" ನಾದಿನಿ ಚಪ್ಪಾಳೆ ತಟ್ಟುವುದೊಂದು ಬಾಕಿ. "ನಾಲ್ಕು ಅಕ್ಷರ ಕುಟ್ಟಿದ್ರು, ಕೆಂಪಾಯ್ತು. ಬಣ್ಣ ಬದಲಾಯಿಸೋ ವಿದ್ಯೆ ಯಾರ ಹತ್ರ ಇದೆ ಅಂತ ಗೊತ್ತಾಯ್ತಾ?"

ಅತ್ತೆ ಸೊಸೆಯತ್ತ ತಿರುಗಿದಳು. "ಅಂದ್ರೆ ನೀನೂ ಬೇಕಾದ ಬಣ್ಣ ಹಾಕ್ಬಹುದು."

"ಹಾಕ್ಬಹುದು. ಹಾಕಿಲ್ಲ."

"ಇಷ್ಟು ದಿನ ಇಬ್ರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಇನ್ನು ಬಳೆ ಬೇಡ, ನನ್ನ ಕೈ ಹೇಳತ್ತೆ. ಆ ವಿಡಿಯೋ ನಿಲ್ಲಿಸು. ಆರಿದ ಮೇಲೆ ನಿನ್ನ ಅತ್ತಿಗೆ ಕೂರ್ಲಿ. ಅಲ್ಲೀತನಕ ಯಾರೂ ಮುಟ್ಟಕೂಡದು."

ಮಣೆ ತರಿಸಿ, ಕೊಳವೆಯ ಮೇಲೆ ಬಲಗೈ ಇಟ್ಟು ಕೂತಳು. ನಾದಿನಿ ಬಾಗಿಲಿಗೆ ಒರಗಿ ಗಡಿಯಾರ ನೋಡುತ್ತಿದ್ದಳು. ಐದರ ಗಡುವು ಅವಳಿಗೂ ಗೊತ್ತಿತ್ತು.

ಎರಡೂ ಕಾಲಿಗೆ ಪರದೆಯ ಮೇಲೆ ಮೂವತ್ತೊಂದು ಡಿಗ್ರಿ ಬಂತು.

"ಆರಿತಲ್ವಾ ಅತ್ತೆ?"

ಅತ್ತೆ ಮಗಳ ಮುಖ ನೋಡಿದಳು. "ಇನ್ನೂ ಬಿಸಿ."

ಎರಡೂವರೆಗೂ ಅದೇ ಮಾತು. ಎರಡೂ ಮುಕ್ಕಾಲಿಗೆ, "ಅವಸರ ಯಾಕೆ?" ಪರದೆ ತೋರಿಸಿ ಪ್ರಯೋಜನವಿರಲಿಲ್ಲ, ಅತ್ತೆಯ ಪಾಲಿಗೆ ಅಕ್ಷರವೂ ಬಳೆಯೂ ಈಗ ಒಂದೇ ತಕ್ಕಡಿಯ ಸುಳ್ಳುಗಳಾಗಿದ್ದವು. ನಾದಿನಿಯ ತುಟಿಯಂಚಿನಲ್ಲಿ ನಗು ಸುಳಿಯಿತು.

"ಅತ್ತೆ," ಎಂದಳು ಸೊಸೆ, ದನಿ ಏರಿಸದೆ. "ನಾಳೆ ಕರುವಿಗೆ ಜ್ವರ ಬಂದ್ರೂ ಈ ಕೈ ಹೀಗೇ ಹೇಳತ್ತಾ?"

ನಾದಿನಿಯ ನಗು ನಿಂತಿತು. ಅತ್ತೆಯ ಕೆನ್ನೆ ಬಿಗಿಯಿತು. ಏಟು ಬೀಳುವುದೇನೋ ಎಂಬಷ್ಟು ಹೊತ್ತು ಸೊಸೆಯನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಬಲಗೈ ತೆಗೆದು, ಸೆರಗಿಗೆ ಒರೆಸಿ, ಎಡಗೈ ಇಟ್ಟಳು.

"ತಣ್ಣಗಿದೆ. ನಿನ್ನ ನಾಲಿಗೆಗಿಂತ ತಣ್ಣಗಿದೆ. ಕೂತ್ಕೋ."

"ಅಮ್ಮಾ!"

"ನೀನು ಬಾಯ್ಮುಚ್ಚು. ಮೊದಲು ಕೈ ತೊಳಕೋ ಹೋಗು."

ಐದಕ್ಕೆ ಎಂಟು ನಿಮಿಷವಿರುವಾಗ ನಕ್ಷೆ ಹೋಯಿತು. ಏಳುವ ಮುಂಚೆ ಸೊಸೆ ಇನ್ನೊಂದು ಕಮಾಂಡು ಒತ್ತಿದಳು. ಬಳೆ ಆರಿತು.

"ಕೆಟ್ಟುಹೋಯ್ತಾ?" ಅತ್ತೆ ಕೇಳಿದಳು.

"ಇಲ್ಲ, ನಾನೇ ಆರಿಸಿದೆ. ನಿಮ್ಮ ಕೈ ಇದೆಯಲ್ಲ."

ಅತ್ತೆ ಮಣೆಯನ್ನು ಹೊರಕ್ಕೆ ಒಯ್ಯದೆ, ಯಂತ್ರದ ಪಕ್ಕದ ಗೋಡೆಗೇ ಒರಗಿಸಿ ನಿಲ್ಲಿಸಿ, ಹಾಲು ಕರೆಯಲು ಹೋದಳು.