ಪುಸ್ತಕದಲ್ಲಿ ಇಲ್ಲದ ಡಿಎಸ್ಪಿ

ನಮ್ಮ ಜಹೀರಾಬಾದಿನಲ್ಲಿ ಕನ್ನಡ ಪುಸ್ತಕ ಓದುವವರಿಗಿಂತ ಅದರ ಬಗ್ಗೆ ಅಭಿಪ್ರಾಯ ಹೇಳುವವರೇ ಹೆಚ್ಚು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಅಂತ ಬೆಳೆದವರು ನಾವು. ತೆಲುಗು ಕಲಿತವರು ಕನ್ನಡದ ಅಕ್ಷರಗಳನ್ನು ಕೂಡಿಸಿ ಓದಬಲ್ಲರು ನಿಜ, ಆದರೆ ಒಂದು ಪುಟ ಮುಗಿಯುವಷ್ಟರಲ್ಲಿ ಛಾ ಆರಿಹೋಗಿರುತ್ತದೆ. ಹಾಗಾಗಿ ನಮ್ಮ ವಾಚಕರ ಬಳಗದ ಹಿರಿಯರು ಸುಲಭದ ದಾರಿ ಹಿಡಿದಿದ್ದಾರೆ. ಶ್ರಾವಣದಲ್ಲಿ ಮಠದೊಳಗೆ ಪುರಾಣ ನಡೆಯುತ್ತದಲ್ಲ, ಹಾಗೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ತಲೆದೂಗುವುದು. ಅರ್ಥ ಹೇಳುವಾಗ ಓದುವವರು ನಡುವೆ ಬಾಯಿ ಹಾಕುವಂತಿಲ್ಲ. ಪುರಾಣಕ್ಕೆ ಇದು ಸರಿಯೇ. ಕೊಲೆಯ ಕಾದಂಬರಿಗೂ ಇದನ್ನೇ ಹಚ್ಚಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡೆ.

ಓದುವವಳು ನಾನು, ಪ್ರೇಮಲಾ. ಬೀದರಿನ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತವಳು. ಅರ್ಥ ಹೇಳುವವರು ಮಾಣಿಕಪ್ಪ ಕಾಕಾ. ಹೆಡ್‌ಮಾಸ್ತರಾಗಿ ನಿವೃತ್ತರಾದವರು, ಆದರೆ ಮಾಸ್ತರಿಕೆಯಿಂದ ಇನ್ನೂ ನಿವೃತ್ತರಾಗಿಲ್ಲ.

ಆಗಷ್ಟೇ ನಾನು ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಕೆಲಸಕ್ಕೆ ಆಯ್ಕೆಯಾಗಿದ್ದೆ. ತರಬೇತಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ನನ್ನಪ್ಪ ಸೂರ್ಯಕಾಂತ ಬೀಜ-ಗೊಬ್ಬರದ ಅಂಗಡಿಯವರು. ಬಹಳ ಒಳ್ಳೆಯವರು, ಆದರೆ ಹತ್ತು ಮಂದಿಯನ್ನು ಕೇಳದೆ ಮನೆಗೆ ಬಣ್ಣ ಸಹ ಹೊಡೆಸುವವರಲ್ಲ.

"ಮಾಣಿಕಪ್ಪ ಕಾಕಾ ಹೂಂ ಅಂದ್ರ ಹೋಗವ್ವ. ಇಲ್ಲಂದ್ರ ಆ ನಾರಾಯಣಖೇಡದ ಸಂಬಂಧ ಗಟ್ಟಿ ಮಾಡ್ತೀನಿ" ಎಂದುಬಿಟ್ಟಿದ್ದರು.

ಅಪ್ಪನ ಮನಸ್ಸು ನೋಯಿಸಿ ಹೋಗಲು ನನಗೆ ಇಷ್ಟವಿರಲಿಲ್ಲ. ಕಾಕಾನ ಎದುರು ನಿಂತು ವಾದ ಮಾಡಿ ಗೆದ್ದವರನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಅದಕ್ಕೇ ಉಪಾಯ ಮಾಡಿ, ಬಳಗದ ಓದಿಗೆ ರಾಯಿಕೋಡಿನ ಶಾಮಲಾ ಅವರ ಹೊಸ ಪತ್ತೇದಾರಿ ಕಾದಂಬರಿ ಆರಿಸಿದೆ. ಅದರಲ್ಲಿ ತನಿಖೆ ಮಾಡುವವರು ಇಬ್ಬರೂ ಹೆಂಗಸರು: ಸಬ್‌ಇನ್‌ಸ್ಪೆಕ್ಟರ್ ನಾಗಮಣಿ, ಕಾನ್‌ಸ್ಟೇಬಲ್ ರೆಹಾನಾ. ತಾಂಡೂರಿನ ಒಂದು ಮನೆಯಲ್ಲಿ, ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಕೆಳಗೆ ಗುಮಾಸ್ತನ ಹೆಣ ಸಿಗುತ್ತದೆ. ಅವರಿಬ್ಬರೂ ಹಂತಕನನ್ನು ಹಿಡಿಯುತ್ತಾರೆ. ಇದನ್ನು ಕೇಳಿದರೆ ಕಾಕಾನ ಮನಸ್ಸು ಕರಗಬಹುದು ಅಂದುಕೊಂಡೆ. ನನ್ನ ಹುಚ್ಚು.

ಅಭಿಪ್ರಾಯಗಳು ಹೆಣಕ್ಕಿಂತ ಮೊದಲೇ ಎದ್ದವು. ತಾಂಡೂರಿನಲ್ಲಿ ಕಲ್ಲಿನ ವ್ಯಾಪಾರ ಮಾಡುವ ತುಳಸಿರಾಮ ಸಿಟ್ಟಿಗೆದ್ದರು. "ನಮ್ಮ ಊರಾಗ ಪರಸಿ ಹಂಗ ಸಡಿಲ ಹಾಸೋದಿಲ್ರಿ. ಇದು ಊರಿನ ಹೆಸರು ಕೆಡಿಸೋ ಕೆಲಸ!" ಗುಮಾಸ್ತನ ಕೊಲೆ ಅವರಿಗೆ ಅಷ್ಟೇನೂ ನೋವು ಕೊಟ್ಟಂತೆ ಕಾಣಲಿಲ್ಲ.

ಬಸ್ ಕಂಡಕ್ಟರ್ ಯಂಕಪ್ಪ ಬೇರೆಯದೇ ಚಿಂತೆ ಹೊತ್ತಿದ್ದರು. "ಆತು, ಇಬ್ಬರೂ ಹೆಣ್ಮಕ್ಕಳು ಹೆಣ ನೋಡಾಕ ಹೋದ್ರು. ಮನ್ಯಾಗ ರೊಟ್ಟಿ ಯಾರು ಬಡೀತಾರ?"

ಈ ಪ್ರಶ್ನೆ ಎಲ್ಲರಿಗೂ ಹಿಡಿಸಿತು. ಆ ವಾರ ರೊಟ್ಟಿಯ ಚರ್ಚೆ ಎಷ್ಟು ಕಾವೇರಿತೆಂದರೆ, ನಾಗಮಣಿ ಕೇಸು ಬಿಡಿಸುವ ಪುಟವನ್ನು ನಾನು ಗೋಡೆಗೆ ಓದಿ ಹೇಳಿದಂತಾಯಿತು. ಹೆಣ ಸಿಕ್ಕ ಕೋಣೆಯ ನೆಲ ಒರೆಸಿದ್ದು ಕೆಲಸದವಳು ಅಂತ ಮನೆಯ ಯಜಮಾನ ಹೇಳಿರುತ್ತಾನೆ. ನಾಗಮಣಿ ನೆಲ ನೋಡುತ್ತಾಳೆ. ಹಸಿ ನೆಲದ ಮೇಲೆ ಒಳಗಿನ ಗೋಡೆಯಿಂದ ಬಾಗಿಲಿನ ತನಕ ಹೆಜ್ಜೆ ಮೂಡಿ ಒಣಗಿವೆ. ದಿನಾ ಒರೆಸುವವರು ಒಳಗಿನಿಂದ ಹಿಂದೆ ಸರಿಯುತ್ತಾ ಬಾಗಿಲಿಗೆ ಬರುತ್ತಾರೆ. ಇಲ್ಲಿ ಒರೆಸಿದವನು ಬಾಗಿಲಿನಿಂದ ಶುರು ಮಾಡಿ ಗೋಡೆಗೆ ಮುಟ್ಟಿ, ಒರೆಸಿದ್ದನ್ನೇ ತುಳಿದು ವಾಪಸ್ ಬಂದಿದ್ದಾನೆ. ಜನ್ಮದಲ್ಲಿ ಒರೆಸುಬಟ್ಟೆ ಮುಟ್ಟದವನ, ಅಂದರೆ ಯಜಮಾನನದೇ ಕೆಲಸ ಇದು ಎಂದು ಅವಳಿಗೆ ತಿಳಿಯುತ್ತದೆ. ಓದುವಾಗ ನನಗೆ ಮೈ ಜುಮ್ಮೆಂದಿತ್ತು.

ಕಾಕಾ ಮಾತ್ರ ಕನ್ನಡಕ ಒರೆಸಿಕೊಂಡು ಅರ್ಥ ಹೇಳಿದರು. "ಇಲ್ಲಿ ತಾತ್ಪರ್ಯ ಏನಂದ್ರ, ಮ್ಯಾಲಿನ ಡಿಎಸ್ಪಿ ಸಾಹೇಬ್ರು ಫೋನ್ ಮಾಡಿ ಹೇಳ್ಯಾರ, ಯಜಮಾನನ್ನ ಹಿಡೀರಿ ಅಂತ. ಅನುಭವಸ್ಥರು ನೋಡ್ರಿ."

"ಕಾಕಾ, ಇದರಾಗ ಡಿಎಸ್ಪಿ..." ಎಂದೆ.

"ನೀ ಓದವ್ವ. ಅರ್ಥ ನಾ ಹೇಳ್ತೀನಿ."

ಹೀಗೆ ಹುಟ್ಟಿದ ಡಿಎಸ್ಪಿ ಸಾಹೇಬರು ವಾರದಿಂದ ವಾರಕ್ಕೆ ಬೆಳೆದರು. ಮೀಸೆ ಬಂತು, ಜೀಪು ಬಂತು. ನಾಗಮಣಿ ಹಂತಕನನ್ನು ಓಡಿಸಿಕೊಂಡು ಹೋಗಿ ಹಿಡಿದರೆ, ಸಾಹೇಬರು ಆ ಕಡೆಯಿಂದ ಅಡ್ಡಗಟ್ಟಿ ನಿಂತಿದ್ದರಂತೆ. ಕಾದಂಬರಿ ಮುಗಿಯುವಷ್ಟರಲ್ಲಿ ನಾಗಮಣಿಗೆ ಉಳಿದದ್ದು ಫೋನ್ ಎತ್ತುವ ಕೆಲಸ ಮಾತ್ರ. ನನಗೆ ಪುಸ್ತಕ ಎತ್ತಿ ಯಾರಿಗಾದರೂ ಎಸೆಯಬೇಕು ಅನ್ನಿಸುತ್ತಿತ್ತು. ಪಕ್ಕದಲ್ಲಿ ಅಪ್ಪ ಕೂತು ತಲೆದೂಗುತ್ತಿದ್ದರು.

ಕೊನೆಯ ಭಾನುವಾರ ಲೇಖಕಿ ಶಾಮಲಾ ಬಂದರು. ಕಾಕಾನ ಮನೆಯ ಹೊರಕೋಣೆಯಲ್ಲಿ ಶಾಲು ಹೊದಿಸಿ ಸತ್ಕಾರವಾಯಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಗಸು, ಮಿತಭಾಷಿ. ತುಳಸಿರಾಮ ಎದ್ದು ನಿಂತು, "ಎಲ್ಲಾ ಬಿಡ್ರಿ, ಆ ಡಿಎಸ್ಪಿ ಪಾತ್ರ ಭಾರಿ ಬರದೀರಿ" ಎಂದರು. ಯಂಕಪ್ಪ, "ಅವರಿಂದಾನೇ ಪುಸ್ತಕ ನಿಂತದ" ಎಂದು ಚಪ್ಪಾಳೆ ತಟ್ಟಿದರು.

ಶಾಮಲಾ ಎಲ್ಲರ ಮುಖ ನೋಡಿದರು. "ಯಾವ ಡಿಎಸ್ಪಿರಿ? ನಾ ಬರದಿಲ್ಲಲ್ಲ."

ಕಾಕಾ ಕೆಮ್ಮಿದರು. "ಬರದಿಲ್ಲ ಖರೇ. ಆದ್ರ ಅರ್ಥದಾಗ ಅದಾನ. ಇಲ್ಲಂದ್ರ ಯಜಮಾನನ ಗುರುತು ಆ ಹುಡುಗಿಗಿ ಹ್ಯಾಂಗ ಸಿಕ್ತು?"

"ನೆಲ ಒರಸಿದ ರೀತಿ ನೋಡಿ ತಿಳಕೊಂಡ್ಳು."

ಕಾಕಾ ನಕ್ಕರು. ಅವರು ನಕ್ಕರೆಂದು ಉಳಿದವರೂ ನಕ್ಕರು. "ನೆಲ ಒರಸೋದ್ರಾಗ ಏನು ರೀತಿ ತಾಯಿ? ಯಾರು ಒರಸಿದ್ರೂ ಒಂದೇ. ಅದಕ್ಕೇನು ಪರೀಕ್ಷಾ ಪಾಸಾಗಬೇಕಾ?"

ಛಾದ ಕಪ್ಪು ಒಯ್ಯಲು ಬಂದಿದ್ದ ಅವರ ಹೆಂಡತಿ ಗುರುಲಿಂಗಮ್ಮ ಅಲ್ಲೇ ನಿಂತರು. ಬಳಗ ಶುರುವಾದಾಗಿನಿಂದ ಅವರ ಬಾಯಿಂದ ನಾವು ಕೇಳಿದ ಮಾತು "ಸಕ್ರಿ ಸಾಕೇನ್ರಿ" ಒಂದೇ. ಆ ದಿನ ಒಳಗೆ ಹೋಗಿ ಬಕೀಟು, ಬಟ್ಟೆ ತಂದು ಗಂಡನ ಮುಂದಿಟ್ಟರು. "ಹಂಗಾದ್ರ ಒರಸಿ ತೋರಸ್ರಿ."

ಅಷ್ಟು ಮಂದಿಯ ಮುಂದೆ ಹಿಂದೆ ಸರಿಯುವವರಲ್ಲ ಕಾಕಾ. ಧೋತರ ಎತ್ತಿ ಕಟ್ಟಿ, ನಮ್ಮನ್ನೆಲ್ಲ ಹೊರಗಿನ ಕಟ್ಟೆಗೆ ಕಳಿಸಿದರು. ಹೊರಕೋಣೆಗೆ ಇರುವುದು ಒಂದೇ ಬಾಗಿಲು. ನಾವೆಲ್ಲ ಅಲ್ಲಿ ನಿಂತು ನೋಡಿದೆವು. ಹೊಸ್ತಿಲ ಹತ್ತಿರವೇ ಬಟ್ಟೆ ಹಿಂಡಿ ಶುರು ಮಾಡಿದರು. ಶಾಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ ಮಾತ್ರ ಒರೆಸುತ್ತ, "ನೋಡ್ರಿ, ಹಿಂಗ" ಅನ್ನುತ್ತ, ಶ್ರದ್ಧೆಯಿಂದ ಮುಂದೆ ಮುಂದೆ ಸಾಗಿ ಒಳಗೋಡೆಗೆ ಹೋಗಿ ಮುಟ್ಟಿದರು. ಬೆವರು ಒರೆಸಿಕೊಂಡು, ಗೆದ್ದವರ ಹಾಗೆ ತಿರುಗಿ, ಬಾಗಿಲಿನ ತನಕ ನಡೆದು ಬಂದರು.

ಕರಿ ಪರಸಿಯ ಮೇಲೆ ಅವರ ಅಂಗಾಲಿನ ಗುರುತುಗಳು, ಐದೂ ಬೆರಳು ಸಮೇತ, ಸಾಲಾಗಿ ಮೂಡಿದ್ದವು.

ತುಳಸಿರಾಮ ಬಗ್ಗಿ ನೋಡಿ, "ಕಲ್ಲು ನಮ್ದೇ. ಛಲೋ ಅದ" ಎಂದು ಗೊಣಗಿದರು.

ಕಾಕಾ ತಿರುಗಿ ನೋಡಿದರು. ಅವರ ಮುಖ ಒಂದು ಕ್ಷಣ ಸಣ್ಣದಾಯಿತು, ನನಗೆ ಅಯ್ಯೋ ಅನ್ನಿಸಿತು. ಆದರೆ ಆ ಅಯ್ಯೋ ಬಹಳ ಹೊತ್ತು ಉಳಿಯಲು ಅವರು ಬಿಡಲಿಲ್ಲ. ಅಪ್ಪನ ಹೆಗಲ ಮೇಲೆ ಒದ್ದೆ ಕೈ ಇಟ್ಟು ದೊಡ್ಡ ದನಿಯಲ್ಲಿ ಹೇಳಿದರು. "ಸೂರ್ಯಕಾಂತ, ನಾ ಹೂಂ ಅಂದೀನಿ. ಹುಡುಗಿನ್ನ ಕಳಸು. ಏನೂ ಚಿಂತಿ ಮಾಡಬ್ಯಾಡ, ಮ್ಯಾಲ ಡಿಎಸ್ಪಿ ಸಾಹೇಬ್ರು ಇದ್ದೇ ಇರ್ತಾರ. ಎಲ್ಲಾ ಹೇಳಿ ಕೊಡ್ತಾರ."

ನಾನು ಬಯಸಿದ್ದು ಸಿಕ್ಕಿತ್ತು. ಆದರೂ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಹೂಂ ಅನ್ನುವಾಗಲೂ ಆ ಮೀಸೆಯವನನ್ನು ನನ್ನ ಮೇಲೆ ಕೂರಿಸಿಯೇ ಕಳಿಸುತ್ತಾರಲ್ಲ ಎಂದು.

ಅಪ್ಪ ಹೂಂ ಅನ್ನಲಿಲ್ಲ. ನೆಲದ ಮೇಲಿನ ಹೆಜ್ಜೆಗಳನ್ನೇ ನೋಡುತ್ತಿದ್ದರು. ಆಮೇಲೆ, ತಮ್ಮ ಜೀವಮಾನದಲ್ಲಿ ಮೊದಲ ಸಲ, ಹತ್ತು ಮಂದಿಯ ಎದುರು ಬಾಯಿ ತೆರೆದರು.

"ಪುಸ್ತಕದಾಗ ಡಿಎಸ್ಪಿ ಇಲ್ಲಂತಲ್ರಿ ಕಾಕಾ. ಅವ ಇಲ್ದೇನೇ ಕೊಲೆಗಾರ ಸಿಕ್ಕಾನ. ನಮ್ಮ ಹುಡುಗಿ ಹೋಗ್ತಾಳ ಬಿಡ್ರಿ, ಯಾರ ಹೂಂ ಬ್ಯಾಡ."

ಕಾಕಾ ಅದಕ್ಕೂ ಅರ್ಥ ಹೇಳಲು ಬಾಯಿ ತೆರೆದರು. ಗುರುಲಿಂಗಮ್ಮ ಒರೆಸುಬಟ್ಟೆ ಹಿಂಡಿ ಅವರ ಕೈಗೆ ಕೊಟ್ಟರು.

"ಅರ್ಥ ಆಮ್ಯಾಲ ಹೇಳೀರಂತ. ಮೊದ್ಲು ಹೆಜ್ಜಿ ಒರಸ್ರಿ. ಗ್ವಾಡಿ ಕಡಿಂದ."